ಜ್ಯೂರಿ ಹೋಯ್ತು, ಆ ಪ್ರಶ್ನೆಗಳು ಹೋಗಲಿಲ್ಲ

ನಾನಾವತಿ ಕೇಸಿನ ವಿಡಿಯೋ ಆದ್ಮೇಲೆ, ಪುಣೆ ಆಫೀಸಲ್ಲಿ ಊಟದ ಹೊತ್ತಿಗೆ ಗೆಳೆಯನೊಬ್ಬ, "ಗುರು, ರೇಪ್ ಕೇಸಿಗಾದ್ರೂ ಜ್ಯೂರಿ ಇರಬೇಕಿತ್ತು. ಜನಾನೇ ಕೂತು ತೀರ್ಪು ಕೊಟ್ಟಿದ್ರೆ ಒಬ್ಬನೂ ತಪ್ಪಿಸ್ಕೊಳ್ತಿರಲಿಲ್ಲ" ಅಂದ. ನಾನೂ ಹಾಗೇ ಅಂದ್ಕೊಂಡಿದ್ದೆ, 'ದಿ ಅಮೆರಿಕನ್ ಜ್ಯೂರಿ' ಓದೋವರೆಗೆ.

1966ರಲ್ಲಿ ಬಂದ ಈ ಪುಸ್ತಕ ಶಿಕಾಗೋ ವಿಶ್ವವಿದ್ಯಾಲಯದ ಹ್ಯಾರಿ ಕಾಲ್ವೆನ್ ಮತ್ತು ಹ್ಯಾನ್ಸ್ ಝೈಸೆಲ್ ಅವರದ್ದು. 3,576 ಕ್ರಿಮಿನಲ್ ವಿಚಾರಣೆಗಳ ಬಗ್ಗೆ ನ್ಯಾಯಾಧೀಶರನ್ನು ಕೇಳಿದರು: ಜ್ಯೂರಿ ಇಲ್ಲದೆ ನೀವೇ ತೀರ್ಪು ಕೊಡಬೇಕಿದ್ದರೆ ಏನು ಕೊಡ್ತಿದ್ರಿ? ನಮ್ಮ ಭಾಷೇಲಿ ಇದು ಶ್ಯಾಡೋ ರನ್. ಇನ್‌ಪುಟ್ ಒಂದೇ, ಸಿಸ್ಟಮ್ ಎರಡು. ನೂರಕ್ಕೆ ಸುಮಾರು 78 ಕೇಸಲ್ಲಿ ಉತ್ತರ ಒಂದೇ ಬಂತು.

ಅತ್ಯಾಚಾರದ ಕೇಸುಗಳಿಗೆ ಬಂದಾಗ ಲೆಕ್ಕ ಕೆಟ್ಟಿತು. ಅಪರಿಚಿತರು, ಗುಂಪು, ಹೊಡೆತ-ಬಡಿತ ಇದ್ದ ಕೇಸುಗಳನ್ನು ಅವರು ಬೇರೆ ಇಟ್ಟರು. ಉಳಿದದ್ದು 42. ಆರೋಪಿ ಒಬ್ಬನೇ, ಅದೂ ಪರಿಚಯದವನು. ಇವುಗಳಲ್ಲಿ ಜಡ್ಜ್‌ಗಳು 22ರಲ್ಲಿ ಅತ್ಯಾಚಾರದ ಅಪರಾಧಿ ಅಂತಿದ್ದರು. ಜ್ಯೂರಿ ಹಾಗಂದದ್ದು 3ರಲ್ಲಿ. ಬರೀ ಮೂರು! ಅವಳು ಕುಡಿದಿದ್ದಳಾ, ಅವನ ಕಾರು ಹತ್ತಿದ್ದಳಾ ಅಂತ ಜ್ಯೂರಿ ಅವಳ ನಡತೆಯನ್ನೇ ತೂಗುತ್ತಿತ್ತು. ಕಾನೂನು ಹಾಗೆ ತೂಗು ಅಂತ ಹೇಳಿರಲಿಲ್ಲ.

ಹಾಗಂತ ಜಡ್ಜ್ ಉತ್ತರವೇ ಸರಿ ಅಂತ ಈ ಡೇಟಾ ಹೇಳೋದಿಲ್ಲ. ಜ್ಯೂರಿಯ ಕಿವಿಗೆ ಅನುಮಾನ ತುಂಬುತ್ತಿದ್ದದ್ದೂ ಎಷ್ಟೋ ಸಲ ಜಡ್ಜೇ. ಈ ಆರೋಪ ಹೊರಿಸೋದು ಸುಲಭ, ಸುಳ್ಳೆಂದು ತೋರಿಸೋದು ಕಷ್ಟ, ಹುಷಾರು ಅನ್ನೋ ಎಚ್ಚರಿಕೆ 17ನೇ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್‌ನದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಜ್ಯೂರಿಗೆ ಕಡ್ಡಾಯವಾಗಿ ಹೇಳೋದು ನಿಂತದ್ದು 1975ರಲ್ಲಿ. ಇಂಥ ಲೆಗಸಿ ಕೋಡ್ ನಾನೆಲ್ಲೂ ನೋಡಿಲ್ಲ.

ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಆದರೆ ಅದಕ್ಕೂ ಒಂದು ವರ್ಷ ಮುಂಚೆ, ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿ ಮೇಲೆ ಅತ್ಯಾಚಾರ ಆದ ಆರೋಪ ಬಂದಿತ್ತು. ಸೆಷನ್ಸ್ ಕೋರ್ಟ್ ಪೊಲೀಸರನ್ನು ಬಿಟ್ಟಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಕೊಟ್ಟ ಕಾರಣಗಳಲ್ಲೊಂದು, ಅವಳ ಮೈಮೇಲೆ ಗಾಯವಿಲ್ಲ. ಅಲ್ಲಿ ಜ್ಯೂರಿ ಇರಲಿಲ್ಲ ನೋಡಿ, ಓದಿದ ಜಡ್ಜ್‌ಗಳೇ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಬೀದಿಗಿಳಿದ ಮಹಿಳೆಯರ ಹೋರಾಟದಿಂದ 1983ರಲ್ಲಿ ಕಾನೂನು ಬದಲಾಯ್ತು. ಪೊಲೀಸ್ ವಶದಂಥ ಕೇಸುಗಳಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಒಪ್ಪಿಗೆ ಇರಲಿಲ್ಲ ಅಂತ ಅವಳು ಹೇಳಿದರೆ, ಇರಲಿಲ್ಲ ಅಂತಲೇ ಕೋರ್ಟ್ ಶುರು ಮಾಡಬೇಕು.

ಇದು ಹಳೇ ಕಥೆ ಅಂತೀರಾ? 2020ರ ಜೂನ್‌ನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್ ಒಂದು ನಿರೀಕ್ಷಣಾ ಜಾಮೀನಿನ ಆದೇಶದಲ್ಲಿ, ಘಟನೆ ಆದ್ಮೇಲೆ ಸುಸ್ತಾಗಿ ನಿದ್ದೆ ಹೋದೆ ಅನ್ನೋದು ಭಾರತೀಯ ಹೆಣ್ಣಿಗೆ ಒಪ್ಪುವಂಥದ್ದಲ್ಲ ಅಂದಿತು. ಆಕ್ಷೇಪ ಬಂದ ಮೇಲೆ ಆ ಸಾಲು ತೆಗೆದರು.

ಗೆಳೆಯನಿಗೆ ಆ 42ರ ಲೆಕ್ಕ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಕಾರು ಯಾಕೆ ಹತ್ತಿದ್ಲಂತೆ?" ಅಂದ. ಕೇಳಿದ ಮೇಲೆ ಅವನೇ ಡಬ್ಬಿ ಮುಚ್ಚಿ ತಲೆ ತಗ್ಗಿಸಿದ.