ಕಿಸ್ಸಾ ಕುರ್ಸಿ ಕಾ

ಕಿಸ್ಸಾ ಕುರ್ಸಿ ಕಾ (ಕುರ್ಚಿಯ ಕಥೆ) ಅಮೃತ್ ನಹಾಟಾ ಅವರು ನಿರ್ದೇಶಿಸಿದ, ರಾಜಕೀಯ ವಿಡಂಬನೆಯ ಹಿಂದಿ ಚಲನಚಿತ್ರ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರದ ವಶದಲ್ಲಿದ್ದ ಇದರ ನೆಗೆಟಿವ್ ಮತ್ತು ಪ್ರತಿಗಳು ನಾಶವಾದವು. 1978ರಲ್ಲಿ ಬಿಡುಗಡೆಯಾದದ್ದು ಮತ್ತೆ ಚಿತ್ರೀಕರಿಸಿದ ಆವೃತ್ತಿ. ಮೂಲಚಿತ್ರವನ್ನು ನಿರ್ಮಿಸುವಾಗ ನಹಾಟಾ ಅವರು ಆಡಳಿತಾರೂಢ ಕಾಂಗ್ರೆಸ್ ಪಕ್ಷದ ಲೋಕಸಭಾ ಸದಸ್ಯರೇ ಆಗಿದ್ದರು ಎಂಬುದು ಗಮನಾರ್ಹ.

ಕಥಾವಸ್ತು

ಅಧಿಕಾರಕ್ಕಾಗಿ ಹಾತೊರೆಯುವ ಭ್ರಷ್ಟ ರಾಜಕಾರಣಿಯೊಬ್ಬ ಜನರನ್ನು ಓಲೈಸುವುದು ಚಿತ್ರದ ಕಥೆ. ಪ್ರಜೆಗಳನ್ನು ಇಲ್ಲಿ ಮಾತು ಬಾರದ ಅಸಹಾಯಕ ಯುವತಿಯಾಗಿ ಚಿತ್ರಿಸಲಾಗಿದ್ದು, ಆ ಪಾತ್ರವನ್ನು ಶಬಾನಾ ಆಜ್ಮಿ ನಿರ್ವಹಿಸಿದ್ದಾರೆ. ಮತ ಹಾಕುವವಳಿಗೆ ಬಾಯಿಲ್ಲ ಎಂಬ ಈ ಒಂದು ಕಲ್ಪನೆಯೇ ಉಳಿದೆಲ್ಲ ವ್ಯಂಗ್ಯಕ್ಕಿಂತ ಹರಿತವಾದುದು. ಸಂಜಯ್ ಗಾಂಧಿಯವರ ಕಾರು ತಯಾರಿಕೆಯ ಯೋಜನೆಯನ್ನೂ ಚಿತ್ರ ಲೇವಡಿ ಮಾಡಿತ್ತು.

ಸೆನ್ಸಾರ್ ಮತ್ತು ನಾಶ

ಸಾಮಾನ್ಯ ಕಾಲದಲ್ಲಿ ಪುಸ್ತಕಕ್ಕಿಲ್ಲದ ಪೂರ್ವಪರಿಶೀಲನೆ ಭಾರತದಲ್ಲಿ ಚಲನಚಿತ್ರಕ್ಕಿದೆ. ದೃಶ್ಯಮಾಧ್ಯಮವು ನೋಡುಗರ ಭಾವನೆಗಳನ್ನು ಹೆಚ್ಚು ಕಲಕುತ್ತದೆ ಎಂಬ ಕಾರಣ ನೀಡಿ ಸರ್ವೋಚ್ಚ ನ್ಯಾಯಾಲಯವು ಕೆ. ಎ. ಅಬ್ಬಾಸ್ ಪ್ರಕರಣದಲ್ಲಿ (1970) ಇದನ್ನು ಎತ್ತಿಹಿಡಿದಿತ್ತು. ಅದರಂತೆ 1975ರ ಏಪ್ರಿಲ್‌ನಲ್ಲಿ ಚಿತ್ರವನ್ನು ಸೆನ್ಸಾರ್ ಮಂಡಳಿಗೆ ಸಲ್ಲಿಸಲಾಯಿತು. ಮಂಡಳಿಯಿಂದ ಅದು ಪುನರ್ವಿಮರ್ಶಾ ಸಮಿತಿಗೂ, ಅಲ್ಲಿಂದ ಕೇಂದ್ರ ಸರ್ಕಾರಕ್ಕೂ ಹೋಯಿತು. ಅಷ್ಟರಲ್ಲಿ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು.

ಸರ್ಕಾರವು 51 ಆಕ್ಷೇಪಣೆಗಳನ್ನು ಮುಂದಿಟ್ಟು ಕಾರಣ ಕೇಳಿ ನೋಟಿಸು ನೀಡಿತು. ಪಾತ್ರಗಳು ಕಾಲ್ಪನಿಕ, ಯಾವುದೇ ವ್ಯಕ್ತಿ ಅಥವಾ ಪಕ್ಷವನ್ನು ಉದ್ದೇಶಿಸಿದವಲ್ಲ ಎಂದು ನಹಾಟಾ ಉತ್ತರಿಸಿದರು. ವಿಡಂಬನಕಾರರೆಲ್ಲ ಹೇಳುವ ಈ ಮಾತನ್ನು ನಂಬಿದವರು ಕಡಿಮೆ. ಆದರೆ ಆಕ್ಷೇಪಿಸಿದವರೇ ತಮ್ಮ ಮುಖವನ್ನು ಅದರಲ್ಲಿ ಗುರುತಿಸಿಕೊಂಡಂತಾಯಿತು. ಅನುಮತಿ ದೊರೆಯದೆ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ನ್ಯಾಯಾಲಯವು ಚಿತ್ರವನ್ನು ತಾನೇ ವೀಕ್ಷಿಸಲು ನಿರ್ಧರಿಸಿತು, ಆದರೆ ಪ್ರತಿ ಅದರ ಮುಂದೆ ಬರಲೇ ಇಲ್ಲ.

ವಿಚಾರಣೆ

1977ರ ಚುನಾವಣೆಯಲ್ಲಿ ಸರ್ಕಾರ ಬದಲಾದ ಬಳಿಕ ತನಿಖೆ ನಡೆಯಿತು. ಚಿತ್ರದ ಸುರುಳಿಗಳನ್ನು ಗುಡಗಾಂವ್‌ನ ಮಾರುತಿ ಕಾರ್ಖಾನೆಗೆ ಸಾಗಿಸಿ ಸುಡಲಾಯಿತು ಎಂಬುದು ಆರೋಪ. 1979ರ ಫೆಬ್ರವರಿ 27ರಂದು ದೆಹಲಿಯ ನ್ಯಾಯಾಲಯವು ಸಂಜಯ್ ಗಾಂಧಿ ಹಾಗೂ ಮಾಜಿ ವಾರ್ತಾ ಮತ್ತು ಪ್ರಸಾರ ಸಚಿವ ವಿ. ಸಿ. ಶುಕ್ಲಾ ಅವರಿಗೆ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಇಂದಿರಾ ಗಾಂಧಿಯವರು ಅಧಿಕಾರಕ್ಕೆ ಮರಳಿದ 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ರದ್ದುಪಡಿಸಿತು.

ಇಂದು ನೋಡಲು ದೊರೆಯುವುದು 1978ರ ಆವೃತ್ತಿ. ಅದು ತೆರೆಗೆ ಬರುವ ವೇಳೆಗೆ ಅದು ಅಣಕಿಸಿದ ಸರ್ಕಾರವನ್ನು ಮತದಾರರು ಆಗಲೇ ಕೆಳಗಿಳಿಸಿದ್ದರು.