ಘಾಟಿಯಲ್ಲಿ ನಿಂತ ಗಾಡಿ: ಸಕಲೇಶಪುರ ಸೀಮೆಯ ಹ್ಯಾಂಡ್‌ಬ್ರೇಕಿನ ಚರಿತ್ರೆ

ಹಿಂದಿನ ಚಕ್ರಗಳಿಗೆ ಹೊಸ ಬ್ರೇಕ್ ಶೂ ಹಾಕಿಸಿಕೊಂಡು ಬಂದ ಕಾರು ಪೆಡಲ್ ಒತ್ತಿದರೆ ನಿಲ್ಲುತ್ತದೆ. ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲ್ ಮೇಲಿಂದ ಕಾಲು ತೆಗೆದರೆ ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರತೊಡಗುತ್ತದೆ. ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದಾದ ಈ ದೋಷ ಸಕಲೇಶಪುರ, ಆಲೂರು ಕಡೆ ಅವತ್ತೇ ಗೊತ್ತಾಗುತ್ತದೆ. ಇಲ್ಲಿ ಮನೆಯಂಗಳ ಇಳಿಜಾರಿನಲ್ಲಿರುತ್ತದೆ, ಕಾಫಿ ಕಣಕ್ಕೆ ಹೋಗುವ ದಾರಿ ಏರಿನಲ್ಲಿರುತ್ತದೆ, ಅಂಗಡಿ ಮುಂದೆ ಗಾಡಿ ನಿಲ್ಲಿಸುವ ಜಾಗವೂ ಒಂದು ಕಡೆಗೆ ವಾಲಿರುತ್ತದೆ. ದೂರು ಕೇಳಿದ ಕೂಡಲೇ ಬಹಳ ಕಡೆ ಮಾಡುವ ಕೆಲಸ ಒಂದೇ: ನಟ್ಟು ತಿರುಗಿಸಿ ಕೇಬಲ್ ಟೈಟ್ ಮಾಡುವುದು. ಆಗಿನ ಮಟ್ಟಿಗೆ ಕಾರು ನಿಲ್ಲುತ್ತದೆ, ಕೆಲವು ವಾರ ಕಳೆದರೆ ಮತ್ತೆ ಜಾರುತ್ತದೆ. ಬಿಡಿಭಾಗ ಕಳಪೆ ಎಂದು ಬೈಯುವುದು ಸುಲಭ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪಿರುವುದು ಕೆಲಸದ ಅನುಕ್ರಮ ಎಂಬುದು ನನ್ನ ವಾದ. ಆ ಅನುಕ್ರಮ ಏಕೆ ತಪ್ಪುತ್ತದೆ ಎಂದು ತಿಳಿಯಬೇಕಾದರೆ ಈ ಗುಡ್ಡಗಳಲ್ಲಿ ಗಾಡಿಗಳನ್ನು ನಿಲ್ಲಿಸಿಕೊಂಡು ಬಂದ ಬಗೆಯನ್ನು ಮೊದಲಿಂದ ನೋಡಬೇಕು. ಓಡುವ ಗಾಡಿಯನ್ನು ತಡೆಯುವುದು, ನಿಂತ ಗಾಡಿಯನ್ನು ಹಿಡಿದಿಡುವುದು, ಇವೆರಡೂ ಇಲ್ಲಿ ಬಹುಕಾಲ ಬೇರೆ ಬೇರೆ ಸಾಧನಗಳ ಕೆಲಸವಾಗಿದ್ದವು. ಕಾರು ಬಂದ ಮೇಲೆ ಅವೆರಡೂ ಒಂದೇ ಡ್ರಮ್ಮಿನೊಳಗೆ ಸೇರಿದವು. ದುರಸ್ತಿಯ ರೂಢಿ ಮಾತ್ರ ಹಳೆಯ ಕಾಲದ್ದೇ ಉಳಿಯಿತು.

ಟಿಪ್ಪು ಸುಲ್ತಾನ್ 1792ರಲ್ಲಿ ಸಕಲೇಶಪುರದ ಬಳಿಯ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದ್ದು ಮಂಗಳೂರಿನಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು. ಆ ಕಾಲದಲ್ಲಿ ಘಟ್ಟ ಇಳಿಯುತ್ತಿದ್ದ ಸರಕು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನ ಮೇಲಿರುತ್ತಿತ್ತು; ಕಾಲಿನ ಮೇಲೆ ಇಳಿಯುವ ಪ್ರಾಣಿಗೆ ಬ್ರೇಕಿನ ಪ್ರಶ್ನೆಯೇ ಏಳುವುದಿಲ್ಲ. ಪ್ರಶ್ನೆ ಎದ್ದದ್ದು ಗಾಲಿ ಬಂದ ಮೇಲೆ. 19ನೇ ಶತಮಾನದ ನಡುವಿನಲ್ಲಿ, ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, ಘಟ್ಟಗಳಲ್ಲಿ ಗಾಡಿರಸ್ತೆಗಳಾದವು. ಅದೇ ಹೊತ್ತಿಗೆ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟಗಳು ಹಬ್ಬಿದವು, ಮೂಟೆಗಳು ಎತ್ತಿನ ಗಾಡಿ ಹತ್ತಿ ಮಂಗಳೂರಿನ ಕಡೆ ಇಳಿದವು. ಎರಡು ಗಾಲಿಯ ಗಾಡಿ ಇಳಿಜಾರಿಗೆ ಮುಖ ಮಾಡಿದ ಕೂಡಲೇ ಹೇರಿನ ಭಾರ ಮುಂದಕ್ಕೆ ಸರಿದು ನೊಗದ ಮೇಲೆ ಬೀಳುತ್ತದೆ. ಎತ್ತುಗಳು ಎಳೆಯುವ ಬದಲು ಹಿಂದಕ್ಕೆ ಒರಗಿ, ಗೊರಸು ಊರಿ ತಡೆಯಬೇಕಾಗುತ್ತದೆ. ಅವುಗಳ ಕತ್ತು ಉಳಿಸಲೆಂದೇ ಗಾಲಿಯ ಪಟ್ಟಿಗೆ ಒತ್ತಿಕೊಳ್ಳುವ ಮರದ ತುಂಡನ್ನು ಹಗ್ಗದಿಂದ ಬಿಗಿಯುವ ಏರ್ಪಾಟು ಘಟ್ಟದ ಗಾಡಿಗಳಿಗೆ ಬೇಕಾಯಿತು. ಇದು ಇಳಿಯುವಾಗ ವೇಗ ಹಿಡಿಯುವ ಸಾಧನ ಅಷ್ಟೆ. ಗಾಡಿ ನಿಲ್ಲಿಸಿ ಎತ್ತು ಬಿಚ್ಚುವಾಗ ಯಾರೂ ಆ ಹಗ್ಗವನ್ನು ನೆಚ್ಚಿಕೊಳ್ಳುತ್ತಿರಲಿಲ್ಲ. ಗಾಲಿಗೆ ಕಲ್ಲು ಕೊಡುತ್ತಿದ್ದರು. ಮಳೆಯಲ್ಲಿ ನೆನೆದ ಹಗ್ಗ ಸಡಿಲವಾದೀತು, ಮರ ಜಾರೀತು. ಕಲ್ಲಿಗೆ ಅಂಥ ಕಾಯಿಲೆ ಇಲ್ಲ.

ಇದೇ ವಿವೇಕವನ್ನು ಇನ್ನೂ ದೊಡ್ಡ ಅಳತೆಯಲ್ಲಿ ಕಾಣಬೇಕೆಂದರೆ ರೈಲಿನ ದಾರಿಗೆ ಬರಬೇಕು. ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜಿನಲ್ಲಿ ತೆರೆದುಕೊಂಡದ್ದು 1979ರಲ್ಲಿ; ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿ, 2006ರಲ್ಲಿ ಸರಕು ಸಾಗಣೆಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರಸ್ತೆಯ ಲೆಕ್ಕದಲ್ಲಿ ಇದು ಏರೇ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಅಷ್ಟೇ ಸಾಕು. ಚಲಿಸುವ ರೈಲನ್ನು ತಡೆಯುವುದು ಗಾಳಿಯ ಒತ್ತಡದ ಬ್ರೇಕು. ಬಿಟ್ಟು ನಿಲ್ಲಿಸಿದ ಬೋಗಿಗಳನ್ನು ಆ ಗಾಳಿಯ ಭರವಸೆಯ ಮೇಲೆ ಬಿಡುವಂತಿಲ್ಲ, ಏಕೆಂದರೆ ಕೊಳವೆಗಳಲ್ಲಿ ಗಾಳಿ ಗಂಟೆಗಟ್ಟಲೆ ಕಳೆದಂತೆ ಸೋರಿಹೋಗುತ್ತದೆ. ಆದ್ದರಿಂದ ಕೈಯಿಂದ ತಿರುಗಿಸುವ ಹ್ಯಾಂಡ್‌ಬ್ರೇಕ್ ಬಿಗಿಯಬೇಕು, ಗಾಲಿಯಡಿ ಮರದ ಬೆಣೆ ಕೊಡಬೇಕು, ಸರಪಳಿ ಹಾಕಿ ಹಳಿಗೆ ಬಿಗಿಯಬೇಕು ಎಂಬುದು ರೈಲ್ವೆಯ ನಿಯಮ. ಎತ್ತಿನ ಗಾಡಿಯವನ ಕಲ್ಲು ಇಲ್ಲಿ ಬೆಣೆಯಾಗಿದೆ, ಹಿಂದಿರುವ ವಿಚಾರ ಅದೇ.

ರಸ್ತೆಯ ಮೇಲೆ ಈ ಬೇರ್ಪಡೆಯನ್ನು ಯಂತ್ರದೊಳಗೇ ಉಳಿಸಿಕೊಂಡು ಬಂದದ್ದು ಜೀಪು. ಮಹೀಂದ್ರದವರು 1940ರ ದಶಕದ ಕೊನೆಯಿಂದ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಮುಂದಿನ ದಶಕಗಳಲ್ಲಿ ತೋಟದ ದಾರಿಗಳಿಗೆ ಅದರಷ್ಟು ಹೊಂದಿದ ವಾಹನ ಬೇರೊಂದಿರಲಿಲ್ಲ. ಆ ಹಳೆಯ ಮಾದರಿಯಲ್ಲಿ ಪೆಡಲ್ ಬ್ರೇಕು ನಾಲ್ಕು ಚಕ್ರಗಳ ಡ್ರಮ್ಮುಗಳಿಗೆ ಎಣ್ಣೆಯ ಒತ್ತಡದಿಂದ ಹೋಗುತ್ತದೆ. ಹ್ಯಾಂಡ್‌ಬ್ರೇಕಿಗೂ ಆ ಚಕ್ರಗಳಿಗೂ ನೇರ ಸಂಬಂಧವಿಲ್ಲ. ಅದು ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲರ್ ಶಾಫ್ಟನ್ನೇ ಹಿಡಿಯುವ ಪ್ರತ್ಯೇಕ ಡ್ರಮ್ಮು. ಹಿಡಿತ ಬಲವಾದದ್ದು, ಏಕೆಂದರೆ ಡಿಫರೆನ್ಶಿಯಲ್ಲಿನ ಗೇರುಗಳು ಆ ಬಲವನ್ನು ಚಕ್ರಕ್ಕೆ ಮುಟ್ಟುವಷ್ಟರಲ್ಲಿ ಹಲವು ಪಟ್ಟು ಹೆಚ್ಚಿಸುತ್ತವೆ. ಅದಕ್ಕೆ ಅದರದೇ ದೌರ್ಬಲ್ಯಗಳೂ ಇದ್ದವು. ಸೀಲ್ ಸೋರಿ ಗೇರ್ ಆಯಿಲ್ ಡ್ರಮ್ಮಿಗೆ ಇಳಿದರೆ ಹಿಡಿತ ಹೋಯಿತು. ಪಂಕ್ಚರಾದ ಹಿಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿದರೆ ಡಿಫರೆನ್ಶಿಯಲ್ ಮೂಲಕ ಆ ಚಕ್ರ ಗಾಳಿಯಲ್ಲಿ ಸುತ್ತಿಕೊಂಡು, ನೆಲದ ಮೇಲಿರುವ ಇನ್ನೊಂದು ಚಕ್ರ ಉರುಳಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಷ್ಟು ಗಟ್ಟಿಯಾಗಿ ಎಳೆದಿದ್ದರೂ ಜೀಪು ಜಾಕಿನಿಂದ ಜಾರುತ್ತದೆ. ಟೈರಿಗೆ ಕಲ್ಲು ಕೊಡದೆ ಜಾಕ್ ಮುಟ್ಟಬಾರದು ಎಂಬ ಕಟ್ಟುನಿಟ್ಟಿಗೆ ಇಂಥ ಗಟ್ಟಿ ಕಾರಣವಿತ್ತು. ನನ್ನ ವಾದಕ್ಕೆ ಮುಖ್ಯವಾದ ಸಂಗತಿ ಬೇರೆ. ಇಂಥ ಜೀಪಿನಲ್ಲಿ ಹಿಂದಿನ ಚಕ್ರಗಳ ಶೂ ಮೇಲಿನ ಲೈನರ್ ಬದಲಾಯಿಸಿದರೆ ಹ್ಯಾಂಡ್‌ಬ್ರೇಕಿಗೆ ಏನೂ ಆಗುವುದಿಲ್ಲ. ಹ್ಯಾಂಡ್‌ಬ್ರೇಕ್ ಸಡಿಲವಾದರೆ ಅದನ್ನು ಅದರ ಜಾಗದಲ್ಲೇ ಬಿಗಿಯಬೇಕು. ಅಂದರೆ ಎರಡನ್ನೂ ಬೇರೆ ಬೇರೆಯಾಗಿ ನೋಡುವ ರೂಢಿ ಜೀಪಿನ ಮಟ್ಟಿಗೆ ಸರಿಯಾದ ರೂಢಿ.

ಅಂಬಾಸಿಡರ್, ಫಿಯೆಟ್, ಆಮೇಲೆ 1983ರ ಕೊನೆಯಲ್ಲಿ ಬಂದ ಮಾರುತಿ, ಈ ಕಾರುಗಳಲ್ಲಿ ಲೆಕ್ಕವೇ ಬದಲಾಯಿತು. ಕೈಯಿಂದ ಎಳೆಯುವ ಕೇಬಲ್ ಹಿಂದಿನ ಚಕ್ರದ ಡ್ರಮ್ಮಿನೊಳಗೆ ಹೋಗಿ, ಪೆಡಲ್ ಒತ್ತಿದಾಗ ಚಾಚುವ ಅದೇ ಶೂಗಳನ್ನು ಚಾಚುತ್ತದೆ. ಡ್ರಮ್ ಕಳಚಿ ನೋಡಿದರೆ ಎರಡು ಅರ್ಧಚಂದ್ರಾಕಾರದ ಶೂಗಳು, ಮೇಲೆ ಅವನ್ನು ತಳ್ಳುವ ವೀಲ್ ಸಿಲಿಂಡರ್, ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಒಂದು ಶೂವಿನ ಬೆನ್ನಿಗೆ ತೂಗುಬಿದ್ದ ಸಣ್ಣ ಲಿವರ್. ಕೇಬಲ್ಲಿನ ತುದಿ ಸಿಕ್ಕಿಕೊಂಡಿರುವುದು ಈ ಲಿವರಿಗೆ. ಕೇಬಲ್ ಎಳೆದಾಗ ಲಿವರ್ ಆ ಅಡ್ಡಪಟ್ಟಿಯನ್ನು ಎದುರಿನ ಶೂವಿನತ್ತ ನೂಕುತ್ತದೆ, ಅದರ ಪ್ರತಿಬಲಕ್ಕೆ ಈಚೆಯ ಶೂ ಕೂಡ ಡ್ರಮ್ಮಿಗೆ ಒರಗುತ್ತದೆ. ಲಿವರಿನ ಓಟ ತೀರ ಚಿಕ್ಕದು. ಶೂ ಮತ್ತು ಡ್ರಮ್ಮಿನ ನಡುವೆ ಕೂದಲೆಳೆಯ ಸಂದು ಇದ್ದರೆ ಮಾತ್ರ ಆ ಓಟ ಸಾಲುತ್ತದೆ. ಲೈನರ್ ಸವೆದಂತೆಲ್ಲ ಸಂದು ಹಿಗ್ಗದಿರಲೆಂದು ಅಡ್ಡಪಟ್ಟಿಗೆ ಅಡ್ಜಸ್ಟರ್ ಇದೆ. ಅದು ಹಲ್ಲು ಹಲ್ಲಾಗಿ ಪಟ್ಟಿಯನ್ನು ಉದ್ದ ಮಾಡುತ್ತಾ ಹೋಗುತ್ತದೆ. ಹೊಸ ಶೂ ದಪ್ಪವಿರುವುದರಿಂದ ಡ್ರಮ್ ಒಳಸೇರಲಿ ಎಂದು ಮೆಕ್ಯಾನಿಕ್ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ ಗಿಡ್ಡ ಮಾಡುತ್ತಾನೆ. ಅದು ಮಾಡಲೇಬೇಕಾದ ಕೆಲಸ. ಡ್ರಮ್ ಕೂರಿಸಿದ ಮೇಲೆ ಅದನ್ನು ಮತ್ತೆ ಹೊರಕ್ಕೆ ತರದೆ ಬಿಡುವುದೇ ಎಲ್ಲ ತೊಂದರೆಯ ಮೂಲ. ಪೆಡಲ್ ತುಸು ಆಳಕ್ಕೆ ಹೋದರೂ ಮುಂದಿನ ಚಕ್ರಗಳೇ ಹೆಚ್ಚಿನ ಹೊರೆ ಹೊರುವುದರಿಂದ ಕಾರು ನಿಲ್ಲುತ್ತದೆ, ದೋಷ ಮುಚ್ಚಿಹೋಗುತ್ತದೆ. ಮುಂದಿನ ಚಕ್ರಗಳ ನೆರವಿಲ್ಲದ ಹ್ಯಾಂಡ್‌ಬ್ರೇಕ್ ಮಾತ್ರ ಅದನ್ನು ಬಯಲಿಗೆ ತರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಕೇಬಲ್ ಹಿಗ್ಗುವುದು ನಿಜವಲ್ಲವೇ, ಹಿಗ್ಗಿದ್ದನ್ನು ಬಿಗಿದರೆ ತಪ್ಪೇನು ಎಂಬುದು. ಹಿಗ್ಗುವುದು ನಿಜ, ಹೊಸ ಕೇಬಲ್ಲಂತೂ ಖಂಡಿತ ಹಿಗ್ಗುತ್ತದೆ. ಆದರೆ ನಿನ್ನೆ ಹಿಡಿಯುತ್ತಿದ್ದ ಹ್ಯಾಂಡ್‌ಬ್ರೇಕ್ ಇವತ್ತು ಶೂ ಬದಲಾಯಿಸಿದ ಮೇಲೆ ಹಿಡಿಯದಿದ್ದರೆ, ನಿನ್ನೆಗೂ ಇವತ್ತಿಗೂ ನಡುವೆ ಬದಲಾದದ್ದು ಕೇಬಲ್ಲೇ, ಡ್ರಮ್ಮಿನ ಒಳಗೇ? ಕೈಹಾಕಿದ ಜಾಗವನ್ನು ಮೊದಲು ನೋಡುವುದು ನ್ಯಾಯ. ಮೇಲಾಗಿ ಕೇಬಲ್ ಬಿಗಿಯುವುದರಿಂದ ಹೊಸ ಹಾನಿಯೊಂದು ಆಗುತ್ತದೆ. ಬಿಗಿಯಾದ ಕೇಬಲ್ ಒಳಗಿನ ಲಿವರನ್ನು ಅದರ ವಿಶ್ರಾಂತಿಯ ಜಾಗಕ್ಕೆ ಮರಳಲು ಬಿಡುವುದಿಲ್ಲ. ಲಿವರ್ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಬಹಳ ಮಾದರಿಗಳಲ್ಲಿ ತಾನಾಗಿ ಸರಿಹೊಂದಬೇಕಾದ ಅಡ್ಜಸ್ಟರ್ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಲೈನರ್ ಸವೆಯುತ್ತದೆ, ಸಂದು ಹಿಗ್ಗುತ್ತದೆ, ಮತ್ತೆ ಕೇಬಲ್ ಬಿಗಿಯಬೇಕಾಗುತ್ತದೆ, ಕೊನೆಗೆ ನಟ್ಟಿನಲ್ಲಿ ಎಳೆ ಉಳಿಯುವುದಿಲ್ಲ. ಹಾಗಾಗಿ ಸರಿಯಾದ ಅನುಕ್ರಮ, ಬಹಳ ಕಡೆ ಈಗ ಮಾಡುತ್ತಿರುವುದಕ್ಕೆ ನೇರ ವಿರುದ್ಧವಾದದ್ದು. ಮೊದಲು ಕೇಬಲ್ಲನ್ನು ಪೂರ್ತಿ ಸಡಿಲಿಸಿ, ಎರಡೂ ಕಡೆಯ ಲಿವರುಗಳು ತಮ್ಮ ತಡೆಗೆ ತಾಗಿ ಕೂತಿವೆಯೇ ನೋಡಬೇಕು. ಬಳಿಕ ಕೈಯಲ್ಲಿ ತಿರುಗಿಸಿದಾಗ ಡ್ರಮ್ ಸಣ್ಣಗೆ ಉಜ್ಜುವ ಸದ್ದು ಕೇಳುವವರೆಗೆ ಅಡ್ಜಸ್ಟರ್ ಹೊರಕ್ಕೆ ತರಬೇಕು. ಪೆಡಲ್ಲನ್ನು ಹಲವು ಸಲ ಗಟ್ಟಿಯಾಗಿ ಒತ್ತಿ ಶೂಗಳು ನಡುಮಧ್ಯೆ ಕೂರುವಂತೆ ಮಾಡಬೇಕು. ಕೇಬಲ್ಲಿನ ಸರದಿ ಕಟ್ಟಕಡೆಗೆ. ತಯಾರಕರು ಹೇಳಿದಷ್ಟು ಹಲ್ಲು ಕಟಕಟ ಎನ್ನುವಷ್ಟರಲ್ಲಿ ಎರಡೂ ಚಕ್ರ ಸಮನಾಗಿ ಹಿಡಿಯುವಷ್ಟು ಬಿಗಿದರೆ ಮುಗಿಯಿತು.

ಇಷ್ಟಾದರೂ ಹಿಡಿಯದ ಕಾರುಗಳಿವೆ. ಹಳೆಯ ಡ್ರಮ್ ಸವೆದು ಅಗಲವಾಗಿದ್ದರೆ ಹೊಸ ಶೂವಿನ ಬಾಗು ಅದಕ್ಕೆ ಹೊಂದದೆ ನಡುವೆ ಮಾತ್ರ ತಾಗುತ್ತದೆ. ಎಡಗಡೆಯ ಅಡ್ಜಸ್ಟರನ್ನು ಬಲಕ್ಕೆ ಹಾಕಿದರೆ, ತಿರುಪಿನ ಸುತ್ತು ಎದುರುಬದುರಾಗಿರುವ ಮಾದರಿಗಳಲ್ಲಿ, ಅದು ಉದ್ದವಾಗುವ ಬದಲು ಗಿಡ್ಡವಾಗುತ್ತಾ ಹೋಗುತ್ತದೆ. ವೀಲ್ ಸಿಲಿಂಡರ್ ಒಸರಿ ಲೈನರ್ ಎಣ್ಣೆ ಕುಡಿದಿದ್ದರೆ ಎಷ್ಟು ಸರಿಹೊಂದಿಸಿದರೂ ವ್ಯರ್ಥ. ಇವೆಲ್ಲವೂ ಡ್ರಮ್ಮಿನ ಒಳಗಿನ ಸಂಗತಿಗಳೇ ಎಂಬುದನ್ನು ಗಮನಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಗೇರಿನಲ್ಲಿ ಹಾಕಿ, ಟೈರಿಗೆ ಕಲ್ಲು ಕೊಟ್ಟರೆ ಸಾಕು, ನಮ್ಮ ಹಿರಿಯರು ನೆಚ್ಚಿಕೊಂಡದ್ದು ಅದನ್ನೇ ಎಂದು ಹೇಳುವವರಿದ್ದಾರೆ. ಕಲ್ಲಿನ ಪರವಾಗಿ ಮೇಲೆ ನಾನೂ ಮಾತಾಡಿದ್ದೇನೆ. ಆದರೆ ಎತ್ತಿನ ಗಾಡಿಯವನು ಕಲ್ಲು ಕೊಡುತ್ತಿದ್ದದ್ದು ನೆಚ್ಚಬಹುದಾದ ಬೇರೆ ಸಾಧನ ಇಲ್ಲದಿದ್ದಾಗ. ರೈಲ್ವೆಯವರು ಬೆಣೆ ಕೊಡುವುದು ಹ್ಯಾಂಡ್‌ಬ್ರೇಕ್ ಬಿಗಿದ ಮೇಲೆ. ಕಾರಿನಲ್ಲಿ ಕಲ್ಲು ಎರಡನೆಯ ಕಾವಲು, ಮೊದಲನೆಯದಲ್ಲ. ಗೇರು ಹಿಡಿಯುವುದು ಎಂಜಿನ್ನಿನೊಳಗಿನ ಗಾಳಿಯ ಒತ್ತಡದಿಂದ, ಅದು ಪಿಸ್ಟನ್ ರಿಂಗುಗಳ ಪಕ್ಕದಿಂದ ಸೋರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಇನ್ನೂ ಬೇಗ. ಸಾವಿರ ಕಿಲೋ ತೂಗುವ ಕಾರು ಐದಕ್ಕೆ ಒಂದರ ಏರಿನಲ್ಲಿ ನಿಂತರೆ ಹೆಚ್ಚುಕಡಿಮೆ 200 ಕಿಲೋ ಬಲದಿಂದ ಕೆಳಕ್ಕೆ ಜಗ್ಗುತ್ತಿರುತ್ತದೆ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ಕಾರುಗಳ ಬ್ರೇಕಿಗೆ ರೂಪಿಸಿದ ಆರ್13-ಎಚ್ ನಿಯಮ ಪೂರ್ತಿ ಹೇರಿದ ಕಾರನ್ನು ಶೇಕಡಾ 20ರ ಇಳಿಜಾರಿನಲ್ಲಿ, ಕೈಯ ಬಲ 400 ನ್ಯೂಟನ್ ದಾಟದಂತೆ, ಪಾರ್ಕಿಂಗ್ ಬ್ರೇಕ್ ಒಂದೇ ಹಿಡಿಯಬೇಕು ಎನ್ನುತ್ತದೆ. ಹಿಡಿದದ್ದನ್ನು ಉಳಿಸುವುದು ಎಣ್ಣೆಯ ಒತ್ತಡವಾಗಿರಬಾರದು, ಯಾಂತ್ರಿಕ ಬೀಗವೇ ಆಗಿರಬೇಕು ಎಂದೂ ಹೇಳುತ್ತದೆ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೂಡ ಕಾಲಿನ ಬ್ರೇಕು, ಪಾರ್ಕಿಂಗ್ ಬ್ರೇಕು ಎಂದು ಎರಡು ಸ್ವತಂತ್ರ ವ್ಯವಸ್ಥೆಗಳನ್ನು ಕೇಳುತ್ತವೆ. ಶೂಗಳು ಒಂದೇ ಆದರೂ ಅವನ್ನು ದೂಡುವ ಹಾದಿಗಳು ಎರಡು. ಗೇರನ್ನೂ ಕಲ್ಲನ್ನೂ ನೆಚ್ಚಿ ಎರಡನೆಯ ಹಾದಿಯನ್ನು ಹಾಳುಬಿಟ್ಟರೆ, ಎಣ್ಣೆ ಸೋರಿ ಪೆಡಲ್ ಕೈಕೊಟ್ಟ ದಿನ ಘಾಟಿ ದಾರಿಯ ದೋಣಿಗಾಲದಿಂದ ಕೆಳಗೆ ಇಳಿಯುತ್ತಿರುವ ಕಾರಿಗೆ ಬೇರೆ ಆಸರೆ ಇರುವುದಿಲ್ಲ.

ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಡಬಾರದು ಎಂಬ ಮೂರನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒದ್ದೆ ಡ್ರಮ್ಮಿಗೆ ಒತ್ತಿ ನಿಲ್ಲಿಸಿದ ಶೂವನ್ನು ನಾಲ್ಕಾರು ದಿನ ಹಾಗೇ ಬಿಟ್ಟರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಕೇಬಲ್ಲಿನ ಕವಚದೊಳಗೆ ನೀರು ಇಳಿದು ಜಾಮ್ ಆಗುವುದೂ ಉಂಟು. ಆಲೂರಿನ ಪೂರ್ವದ ಹಳ್ಳಿಗಳಿಗಿಂತ ಹೆತ್ತೂರು, ಮಾರನಹಳ್ಳಿ ಕಡೆ ಈ ಕಾಟ ಹೆಚ್ಚು, ಅಲ್ಲಿಯ ಮಳೆಯೇ ಹಾಗೆ. ಆಷಾಢದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ, ನೆಲ ಸಮತಟ್ಟಾಗಿದ್ದರೆ, ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿ ಹಾಕಿ ಕಲ್ಲು ಕೊಡುವುದೇ ಸರಿ. ದಿನವೂ ಓಡುವ ಗಾಡಿಗೆ ಈ ನೆಪ ಸಲ್ಲದು, ಏಕೆಂದರೆ ದಿನಕ್ಕೆರಡು ಸಲ ಎಳೆದು ಬಿಡುವ ಕೇಬಲ್ ಸುಲಭಕ್ಕೆ ಜಾಮ್ ಆಗುವುದಿಲ್ಲ. ಬಳಸದೆ ಬಿಟ್ಟದ್ದೇ ತುಕ್ಕು ಹಿಡಿಯುವುದು ಹೆಚ್ಚು.

ಈಗ ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರುಗಳು, ಗುಂಡಿ ಒತ್ತಿದರೆ ಮೋಟಾರು ಬಿಗಿಯುವ ಹ್ಯಾಂಡ್‌ಬ್ರೇಕುಗಳು ಈ ಗುಡ್ಡಗಳಿಗೂ ಬಂದಿವೆ. ಅವುಗಳಲ್ಲೂ ಅನುಕ್ರಮದ ಪಾಠ ಬದಲಾಗಿಲ್ಲ. ಹ್ಯಾಂಡ್‌ಬ್ರೇಕ್ ಸೇರಿಕೊಂಡ ಕ್ಯಾಲಿಪರಿನ ಪಿಸ್ಟನ್ನನ್ನು ಸಾಮಾನ್ಯವಾಗಿ ತಿರುಗಿಸುತ್ತಾ ಒಳಸೇರಿಸಬೇಕು, ಸುಮ್ಮನೆ ಒತ್ತಿದರೆ ಒಳಗಿನ ಸ್ಕ್ರೂ ಕೆಡುತ್ತದೆ. ಮೋಟಾರು ಇರುವಲ್ಲಿ ಪ್ಯಾಡ್ ಬಿಚ್ಚುವ ಮೊದಲೇ ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಯಾವ ಬಗೆಯದಾದರೂ ಗ್ಯಾರೇಜಿನ ಸಮತಟ್ಟು ನೆಲದ ಮೇಲೆ ಮಾಡುವ ಪರೀಕ್ಷೆ ಇಲ್ಲಿಗೆ ಸಾಲದು. ಏರಿನಲ್ಲಿ ಮೂತಿ ಮೇಲಕ್ಕಿಟ್ಟು ಒಮ್ಮೆ, ಕೆಳಕ್ಕಿಟ್ಟು ಒಮ್ಮೆ, ಒಬ್ಬರು ಪೆಡಲ್ ಮೇಲೆ ಕಾಲು ಸಿದ್ಧವಾಗಿಟ್ಟುಕೊಂಡೇ ನೋಡಬೇಕು. ಮೂತಿ ಕೆಳಕ್ಕಿದ್ದಾಗ ಭಾರ ಮುಂದಕ್ಕೆ ಸರಿದು, ಹಿಡಿಯಬೇಕಾದ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಮೂತಿ ಮೇಲಕ್ಕಿದ್ದಾಗ ನಿಂತ ಕಾರು ಮೂತಿ ಕೆಳಕ್ಕಿದ್ದಾಗ ಜಾರಿದರೆ ಕೇಬಲ್ಲಿನ ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಟೈರ್ ಜಾರಿತೇ, ಚಕ್ರ ತಿರುಗಿತೇ ಎಂದು ನೋಡಬೇಕು. ಚಕ್ರ ತಿರುಗಿದ್ದರೆ ಡ್ರಮ್ ಇನ್ನೊಮ್ಮೆ ಬಿಚ್ಚಬೇಕು.