ಪ್ರತಿಮೆಗಳಿಗೆ ಮುಂಚಿನ ಭಾಷಣ: ಹರ್ಡೇಕರ ಮಂಜಪ್ಪನವರು ಮತ್ತು ದಾವಣಗೆರೆಯ ಬಸವ ಜಯಂತಿ

ದಾವಣಗೆರೆಯಲ್ಲಿ ಇಂದು ಯಾವ ಚಳವಳಿ ನಡೆದರೂ ಜನರು ಹೆಚ್ಚಾಗಿ ಕೂಡುವುದು ಜಯದೇವ ವೃತ್ತದಲ್ಲಿ ಇಲ್ಲವೆ ಗಾಂಧಿ ವೃತ್ತದಲ್ಲಿ. ಮಹನೀಯರ ಪ್ರತಿಮೆಗೆ ಮಾಲಾರ್ಪಣೆ, ಜಯಘೋಷ, ಅನಂತರ ಭಾಷಣ ಎಂಬ ಕ್ರಮ ನಾಡಿನೆಲ್ಲೆಡೆ ರೂಢಿಗೆ ಬಂದಿದೆ. ಆದರೆ ಈ ನಗರದ ಸಾರ್ವಜನಿಕ ಭಾಷಣ ಪರಂಪರೆಯ ಒಂದು ಮುಖ್ಯ ಮೂಲವಿರುವುದು ಪ್ರತಿಮೆಯ ಬುಡದಲ್ಲಲ್ಲ, ವಿರಕ್ತಮಠದ ಅಂಗಳದಲ್ಲಿ.

ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಸ್ವದೇಶಿ ಚಳವಳಿಯ ಪ್ರಭಾವದಿಂದ ಶಿಕ್ಷಕ ವೃತ್ತಿಯನ್ನು ತೊರೆದು ದಾವಣಗೆರೆಗೆ ಬಂದರು. 1906ರಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಆರಂಭಿಸಿದರು. ಎರಡೇ ವರ್ಷಗಳಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ನಿರ್ಬಂಧದ ಶಾಸನವನ್ನು ಜಾರಿಗೆ ತಂದಿತು. ಲೇಖನಿಗೆ ಕಡಿವಾಣ ಬಿದ್ದ ಕಾಲದಲ್ಲಿ ಉತ್ಸವದ ವೇದಿಕೆಗೆ ಬೆಲೆ ಹೆಚ್ಚುವುದು ಸಹಜ. ಮಹಾರಾಷ್ಟ್ರದಲ್ಲಿ ತಿಲಕರು 1893ರಿಂದ ಗಣೇಶೋತ್ಸವವನ್ನು ಈ ಬಗೆಯಲ್ಲಿ ಬಳಸಿದ್ದು ಮಂಜಪ್ಪನವರ ಕಣ್ಣೆದುರಿಗೇ ಇತ್ತು.

1913ರಲ್ಲಿ ಅವರು ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಬೆಂಬಲದೊಡನೆ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಪುರಾಣಗಳು ನಂದಿಯ ಅವತಾರವೆಂದು ಕೊಂಡಾಡಿದ ಬಸವಣ್ಣನವರನ್ನು, ಕಾಯಕವನ್ನೂ ಸಮಾನತೆಯನ್ನೂ ಬೋಧಿಸಿದ ಚಾರಿತ್ರಿಕ ಪುರುಷರನ್ನಾಗಿ ಜನರ ಮುಂದಿಟ್ಟದ್ದೇ ಈ ಆಚರಣೆಯ ಕ್ರಾಂತಿಕಾರಕ ಅಂಶ. ಒಂದು ಸಂಗತಿಯನ್ನು ನೆನಪಿಡಬೇಕು: ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾದದ್ದು ಇದಕ್ಕೆ ಹತ್ತು ವರ್ಷಗಳ ತರುವಾಯ, 1923ರಲ್ಲಿ. ಅಚ್ಚಿನ ಪುಸ್ತಕ ಎಲ್ಲರ ಕೈಗೆ ಬರುವ ಮುನ್ನ ಶರಣರ ವಿಚಾರವನ್ನು ಜನಸಾಮಾನ್ಯರಿಗೆ ತಲಪಿಸಲು ಭಾಷಣ, ಭಜನೆ, ಪ್ರವಚನಗಳೇ ಸಾಧನಗಳಾಗಿದ್ದವು.

ಮುಂದೆ ಮಂಜಪ್ಪನವರು ಗಾಂಧೀಜಿಯವರ ಮಾರ್ಗವನ್ನು ಹಿಡಿದು ಹರಿಹರದ ತುಂಗಭದ್ರಾ ತೀರದಲ್ಲಿ ಆಶ್ರಮವನ್ನು ಕಟ್ಟಿದರು. ಅಂದು ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಬ್ರಿಟಿಷರ ಮುಂಬಯಿ ಪ್ರಾಂತ. ಹರಿಹರದ ಸೇತುವೆ ದಾಟಿದರೆ ಕಾನೂನೇ ಬೇರೆ. ಭಾಷೆ ಮಾತ್ರ ಒಂದೇ ಕನ್ನಡ. 1927ರಲ್ಲಿ ಅವರು ತಮ್ಮ ಕಾರ್ಯಕ್ಷೇತ್ರವನ್ನು ಆಲಮಟ್ಟಿಗೆ ಬದಲಿಸಿ ಅಲ್ಲಿ ವಿದ್ಯಾಲಯವನ್ನು ನಡೆಸಿದರು. ‘ಕರ್ನಾಟಕದ ಗಾಂಧಿ’ ಎನಿಸಿದ ಅವರು ಲಿಂಗೈಕ್ಯರಾದದ್ದು 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮುಂಚೆ.

ಸ್ಥಾವರ-ಜಂಗಮಗಳ ವಿವೇಚನೆಯಲ್ಲಿ ಬೆಳೆದ ನಮಗೆ ಪ್ರತಿಮೆಯ ಪ್ರಶ್ನೆ ತುಸು ಇಕ್ಕಟ್ಟಿನದು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲರೂ ಸಂತೋಷಪಟ್ಟೆವು, ಅದು ತಪ್ಪಲ್ಲ. ಆದರೆ ಪ್ರತಿಮೆ ಸಭೆಗೆ ನೆಪವಾಗಬೇಕೇ ಹೊರತು ಸಭೆ ಮಾಲಾರ್ಪಣೆಗೆ ನೆಪವಾಗಬಾರದು. ಹೀಗೆ ಬರೆಯುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು: ಕಾರ್ಯದರ್ಶಿಯಾಗಿ ನಾನೇ ಸಿದ್ಧಪಡಿಸಿದ ಜಯಂತಿಯ ಕಾರ್ಯಕ್ರಮಪಟ್ಟಿಯೊಂದರಲ್ಲಿ ಗಣ್ಯರ ಸ್ವಾಗತ, ಸನ್ಮಾನಗಳಿಗೆ ಒಂದು ಗಂಟೆಯೂ ಉಪನ್ಯಾಸಕ್ಕೆ ಹದಿನೈದು ನಿಮಿಷವೂ ಇದ್ದವು.